‘ರಿಪೋರ್ಟೇ ಇದೆ ನೋಡಿ’ ಅಂದಾಗ: ಗಿಡಮೂಲಿಕೆಯಿಂದ ದೊಡ್ಡ ಕಾಯಿಲೆ ವಾಸಿಯಾಯಿತು ಎಂಬ ಮಾತನ್ನು ಓದುವುದು ಹೇಗೆ?

ಕಡತಹುಳು

ಕ್ಯಾನ್ಸರ್, ಕಿಡ್ನಿ ವೈಫಲ್ಯ, ಸಕ್ಕರೆ ಕಾಯಿಲೆ ಎಲ್ಲಕ್ಕೂ ಒಂದೇ ಬೇರಿನ ಪುಡಿ ಎನ್ನುವ ಸಂದೇಶಗಳಲ್ಲಿ ಈಗ ಬರೀ ಬಾಯಿಮಾತು ಇರುವುದಿಲ್ಲ. ಲ್ಯಾಬ್ ರಿಪೋರ್ಟಿನ ಫೋಟೊ ಇರುತ್ತದೆ. ‘ಮೊದಲು’, ‘ಆಮೇಲೆ’ ಅಂತ ಎರಡು ಹಾಳೆ, ಅಂಕಿಯ ಸುತ್ತ ಕೆಂಪು ಗೆರೆ. ಹೆಚ್ಚಾಗಿ ಮೂರು ಬಗೆ ಕಾಣುತ್ತವೆ. ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಅಂಕಿ) 9.8 ಇದ್ದದ್ದು ಮೂರೇ ವಾರದಲ್ಲಿ 6.4. ಕಿಡ್ನಿಯ ಪರೀಕ್ಷೆಯಾದ ಕ್ರಿಯಾಟಿನಿನ್ 3.1 ಇದ್ದದ್ದು 40 ದಿನದಲ್ಲಿ 2.2. ಕ್ಯಾನ್ಸರ್ ರೋಗಿಯ ಸ್ಕ್ಯಾನಿನಲ್ಲಿ ‘ಗಡ್ಡೆ ಉಳಿದಿರುವ ಲಕ್ಷಣವಿಲ್ಲ’ ಎಂಬ ಸಾಲು.

ಹಾಳೆಗಳು ನಕಲಿಯಲ್ಲ ಎಂದೇ ಇಟ್ಟುಕೊಳ್ಳೋಣ. ‘ಫೋಟೊಶಾಪ್ ಬಿಡ್ರೀ’ ಅಂದುಬಿಟ್ಟರೆ ಚರ್ಚೆ ಅಲ್ಲಿಗೇ ಮುಗಿಯಿತು, ಯಾರೂ ಏನೂ ಕಲಿಯುವುದಿಲ್ಲ. ಹಾಳೆ ಅಸಲಿ, ಅಂಕಿಯೂ ಅಸಲಿ, ಆದರೂ ಪುಡಿಯಿಂದ ಕಾಯಿಲೆ ವಾಸಿಯಾಗಿಲ್ಲ. ಇದು ಹೇಗಾಗುತ್ತದೆ? ಒಂದೊಂದನ್ನೇ ಬಿಡಿಸಿ ಹೇಳಿ.

ಸೊನ್ನೆಬಿಂದು

ಎಚ್‌ಬಿಎ1ಸಿಯಿಂದ ಶುರು ಮಾಡುತ್ತೇನೆ, ಏಕೆಂದರೆ ಅದಕ್ಕೆ ಬರೀ ಲೆಕ್ಕ ಸಾಕು.

ಈ ಪರೀಕ್ಷೆ ಅಳೆಯುವುದು ಕೆಂಪು ರಕ್ತಕಣದ ಹಿಮೋಗ್ಲೋಬಿನ್‌ಗೆ ಅಂಟಿದ ಸಕ್ಕರೆಯನ್ನು. ಕಣದ ಆಯಸ್ಸು ಸುಮಾರು 120 ದಿನ. ಹೊಸ ಕಣಗಳು ಬಂದು ಹಳೆಯವು ಸತ್ತ ಹಾಗೆಲ್ಲ ಅಂಕಿ ಬದಲಾಗುತ್ತದೆ. ಅಂಕಿಯಲ್ಲಿ ಸರಿಸುಮಾರು ಅರ್ಧ ಪಾಲು ಕೊನೆಯ ಒಂದು ತಿಂಗಳ ಸಕ್ಕರೆಯದು. ಹಾಗಾಗಿ ಪುಡಿ ತಿಂದ ದಿನವೇ ಸಕ್ಕರೆ ಪೂರ್ತಿ ನಾರ್ಮಲ್‌ಗೆ ಬಂತು ಅಂತಲೇ ಇಟ್ಟುಕೊಳ್ಳಿ, ಅಂದರೆ ಅಂಕಿ ಕೊನೆಗೆ 5.5ಕ್ಕೆ ಹೋಗಿ ನಿಲ್ಲಬೇಕು. 9.8ರಿಂದ 5.5ಕ್ಕೆ 4.3ರ ದಾರಿ. ತಿಂಗಳಿಗೆ ಅದರಲ್ಲಿ ಅರ್ಧ ಇಳಿದರೆ 7.7ರ ಹತ್ತಿರ. ಮೂರು ವಾರಕ್ಕೆ 8ರ ಆಸುಪಾಸು. 6.4 ಬರಬೇಕಾದರೆ ರಕ್ತಕಣವೇ ಬದಲಾಗಿರಬೇಕು: ರಕ್ತಸ್ರಾವ, ರಕ್ತ ಕೊಡಿಸಿದ್ದು, ಕಣಗಳು ಬೇಗ ಒಡೆಯುವ ಕಾಯಿಲೆ. ಕಬ್ಬಿಣದ ಕೊರತೆ ಇದ್ದವರಲ್ಲಿ ಈ ಅಂಕಿ ಸುಳ್ಳೇ ಮೇಲಿರುತ್ತದೆ. ನಡುವೆ ಕಬ್ಬಿಣದ ಮಾತ್ರೆ ನುಂಗಿದ್ದರೆ ಸಕ್ಕರೆಗೆ ಏನೂ ಆಗದೆ ಅಂಕಿ ಇಳಿದೀತು. ಅದಕ್ಕೇ ಪಕ್ಕದಲ್ಲಿ ಹಿಮೋಗ್ಲೋಬಿನ್ ಎಷ್ಟಿತ್ತು ಅಂತ ಕೇಳಬೇಕು. ಫೋಟೊದಲ್ಲಿ ಆ ಸಾಲು ಸಾಧಾರಣವಾಗಿ ಕತ್ತರಿಸಿಹೋಗಿರುತ್ತದೆ.

ಇನ್ನೊಂದು: ಪುಡಿಯ ಜೊತೆ ಪಥ್ಯವೂ ಬರುತ್ತದೆ. ಸಕ್ಕರೆ ಬಿಡಿ, ಕರಿದದ್ದು ಬಿಡಿ, ರಾತ್ರಿ ಬೇಗ ಉಣ್ಣಿ, ಬೆಳಿಗ್ಗೆ ನಡೆಯಿರಿ. ಎರಡನೇ ತರಹದ ಸಕ್ಕರೆ ಕಾಯಿಲೆಯಲ್ಲಿ ಇಷ್ಟಕ್ಕೇ ಅಂಕಿ ಚೆನ್ನಾಗಿ ಇಳಿಯುತ್ತದೆ. ಕೆಲಸ ಪಥ್ಯದ್ದು, ಹೆಸರು ಪುಡಿಗೆ. ಮೊದಲನೇ ತರಹದವರಿಗೆ ಮಾತ್ರ ಇಂಥ ಪ್ರಯೋಗವೇ ಬೇಡ. ಅವರ ದೇಹದಲ್ಲಿ ಇನ್ಸುಲಿನ್ನೇ ಇಲ್ಲ. ಸೂಜಿ ನಿಲ್ಲಿಸಿದರೆ ಒಂದೆರಡು ದಿನದಲ್ಲೇ ರಕ್ತ ಆಮ್ಲೀಯವಾಗಿ ವಾಂತಿ, ಏದುಸಿರು, ಪ್ರಜ್ಞೆ ತಪ್ಪುವುದು.

ಹಗಲುಪಾಳಿ

ಸೊನ್ನೆಬಿಂದು ಅವರ ಲೆಕ್ಕಕ್ಕೆ ಒಂದು ಬಾಲ ಸೇರಿಸುತ್ತೇನೆ. ಕೆಲವು ಪುಡಿಗಳಲ್ಲಿ ಸಕ್ಕರೆ ನಿಜವಾಗಿ, ಅದೂ ಜೋರಾಗಿ ಇಳಿಯುತ್ತದೆ. ಆಗ ಅನುಮಾನ ಇನ್ನೂ ಹೆಚ್ಚಬೇಕು. ‘ಗಿಡಮೂಲಿಕೆ’ ಎಂದು ಮಾರಿದ ಸಕ್ಕರೆ ಔಷಧಿಗಳಲ್ಲಿ ಗ್ಲಿಬೆನ್‌ಕ್ಲಮೈಡ್ ಬೆರೆಸಿದ್ದು ಹಲವು ದೇಶಗಳಲ್ಲಿ ಸಿಕ್ಕಿಬಿದ್ದಿದೆ. ಅದು ಹಳೇ ಕಾಲದ ಅಗ್ಗದ ಇಂಗ್ಲಿಷ್ ಮಾತ್ರೆ. ಎಷ್ಟು ಮಿಲಿಗ್ರಾಂ ಬೆರೆಸಿದ್ದಾರೆ ಎನ್ನುವುದು ಬೆರೆಸಿದವನಿಗೂ ಗೊತ್ತಿರುವುದಿಲ್ಲ. ರೋಗಿ ಅದರ ಜೊತೆ ತನ್ನ ಮಾಮೂಲಿ ಮಾತ್ರೆಯನ್ನೂ ನುಂಗುತ್ತಾನೆ. ನಸುಕಿನಲ್ಲಿ ಬೆವರು, ನಡುಕ, ತೊದಲು ಮಾತು. ಕಿಡ್ನಿ ಸರಿಯಿಲ್ಲದವರಲ್ಲಿ ಇದು ಒಂದು ಲೋಟ ಸಕ್ಕರೆ ನೀರಿಗೆ ಮುಗಿಯುವುದಿಲ್ಲ. ಏರಿದ ಸಕ್ಕರೆ ಮತ್ತೆ ಕುಸಿಯುತ್ತದೆ, ಒಂದು ದಿನ ಮೀರಿಯೂ ಕಾಡುತ್ತದೆ. ಆಸ್ಪತ್ರೆಯಲ್ಲೇ ಇಟ್ಟುಕೊಂಡು ನೋಡಬೇಕಾಗುತ್ತದೆ.

ಅರೆಪಾವು

ಕ್ರಿಯಾಟಿನಿನ್ ನನ್ನ ಪಾಲಿಗೆ ಇರಲಿ.

ಕ್ರಿಯಾಟಿನಿನ್ ಅಂದರೆ ಸ್ನಾಯುವಿನಿಂದ ದಿನವೂ ಬೀಳುವ ಕಸ. ಕಿಡ್ನಿ ಅದನ್ನು ಹೊರಹಾಕುತ್ತದೆ. ರಕ್ತದಲ್ಲಿ ಅದು ಕಡಿಮೆಯಾಗಲು ಎರಡು ದಾರಿ: ಕಿಡ್ನಿ ಚೆನ್ನಾಗಿ ಕೆಲಸ ಮಾಡಬೇಕು, ಇಲ್ಲವೇ ಕಸವೇ ಕಡಿಮೆ ಬೀಳಬೇಕು. ಮಾಂಸ ಬಿಡಿಸಿ, ಊಟ ಕಡಿತ ಮಾಡಿ 40 ದಿನ ಕೂರಿಸಿದರೆ ರೋಗಿ ಸೊರಗುತ್ತಾನೆ, ಸ್ನಾಯು ಕರಗುತ್ತದೆ, ಅಂಕಿ ಇಳಿಯುತ್ತದೆ. ತೂಕ ಎಷ್ಟಿತ್ತು, ಈಗ ಎಷ್ಟಿದೆ ಎಂದು ಕೇಳಿ. ಸಿಸ್ಟಾಟಿನ್ ಸಿ ಎನ್ನುವ ಇನ್ನೊಂದು ಪರೀಕ್ಷೆ ಸ್ನಾಯುವಿನ ಮೇಲೆ ಅಷ್ಟಾಗಿ ನಿಂತಿಲ್ಲ. ಎರಡೂ ಒಟ್ಟಿಗೆ ಇಳಿದಿದ್ದರೆ ಮಾತ್ರ ಮುಂದಿನ ಮಾತು.

ಎರಡನೆಯದು, ‘ಮೊದಲು’ ಹಾಳೆಯ 3.1 ಯಾವ ದಿನದ್ದು? ವಾಂತಿಭೇದಿ ಆಗಿ ನೀರು ಆರಿದ ವಾರ, ನೋವಿನ ಮಾತ್ರೆ ನುಂಗಿದ ವಾರ, ಡೈ ಹಾಕಿ ಸ್ಕ್ಯಾನ್ ಮಾಡಿಸಿದ ವಾರ ಕ್ರಿಯಾಟಿನಿನ್ ಹಾರಿರುತ್ತದೆ. ಆಮೇಲೆ ತಾನಾಗಿ ತನ್ನ ಹಳೇ ಮಟ್ಟಕ್ಕೆ ಬರುತ್ತದೆ. ಎರಡು ಹಾಳೆ ನೋಡಿ ಏನೂ ಹೇಳಲು ಬಾರದು. ಹಿಂದಿನ ಒಂದೆರಡು ವರ್ಷದ ಅಷ್ಟೂ ರಿಪೋರ್ಟನ್ನು ಸಾಲಾಗಿ ಇಟ್ಟರೆ 2.2 ಎನ್ನುವುದೇ ಅವರ ಮಾಮೂಲಿ ಮಟ್ಟ ಎಂದು ಎಷ್ಟೋ ಸಲ ಕಾಣುತ್ತದೆ.

ಮೂರನೆಯದೇ ಎಲ್ಲಕ್ಕಿಂತ ಕೆಟ್ಟದ್ದು. ‘ಇಂಗ್ಲಿಷ್ ಔಷಧಿ ಎಲ್ಲ ನಿಲ್ಲಿಸಿ’ ಎನ್ನುತ್ತಾರಲ್ಲ, ಅದರಲ್ಲಿ ರಾಮಿಪ್ರಿಲ್, ಟೆಲ್ಮಿಸಾರ್ಟನ್ ಜಾತಿಯ ಬಿಪಿ ಮಾತ್ರೆಗಳೂ ಸೇರುತ್ತವೆ. ಇವು ಕಿಡ್ನಿಯ ಸೋಸುಗಂಟುಗಳ ಒಳಗಿನ ಒತ್ತಡ ಇಳಿಸಿ ಮೂತ್ರದಲ್ಲಿ ಪ್ರೋಟೀನ್ ಸೋರುವುದನ್ನು ತಗ್ಗಿಸುತ್ತವೆ. ಶುರು ಮಾಡಿದಾಗ ಕ್ರಿಯಾಟಿನಿನ್ ಸ್ವಲ್ಪ ಏರುತ್ತದೆ. ಶೇ 30ರವರೆಗಿನ ಏರಿಕೆಯನ್ನು ವೈದ್ಯರು ಗೊತ್ತಿದ್ದೇ ಸಹಿಸುತ್ತಾರೆ. ನಿಲ್ಲಿಸಿದರೆ ಅದೇ ಅಂಕಿ ಥಟ್ಟನೆ ಇಳಿಯುತ್ತದೆ. ಹಾಳೆಯಲ್ಲಿ ಸುಧಾರಣೆ, ಒಳಗೆ ಕಾವಲು ತೆಗೆದ ಹಾಗೆ. ಆರು ತಿಂಗಳ ನಂತರದ ರಿಪೋರ್ಟನ್ನು ಯಾರೂ ಹಂಚಿಕೊಳ್ಳುವುದಿಲ್ಲ.

ಇನ್ನು ಸೊಪ್ಪಿನ ರಸ, ಕಷಾಯಗಳಲ್ಲಿ ಪೊಟ್ಯಾಸಿಯಂ ತುಂಬಿರುತ್ತದೆ. ಒಳ್ಳೆಯ ಕಿಡ್ನಿ ಅದನ್ನು ಹೊರಹಾಕುತ್ತದೆ, ಸೋತ ಕಿಡ್ನಿಗೆ ಆಗುವುದಿಲ್ಲ. ರಕ್ತದಲ್ಲಿ ಅದರ ಅಂಕಿ 6.5 ದಾಟಿದರೆ ಹೃದಯದ ಬಡಿತವೇ ದಾರಿ ತಪ್ಪಬಹುದು, ಅದೂ ಮುನ್ಸೂಚನೆ ಇಲ್ಲದೆ. ಸ್ಟಾರ್ ಫ್ರೂಟ್ (ಧಾರೆಹುಳಿ) ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು: ಅದರಲ್ಲಿ ಕ್ಯಾರಂಬಾಕ್ಸಿನ್ ಎಂಬ ನರವಿಷ ಇದೆ. ಡಯಾಲಿಸಿಸ್ ರೋಗಿಗಳಲ್ಲಿ ಒಂದೇ ಹಣ್ಣಿಗೂ ಬಿಡದ ಬಿಕ್ಕಳಿಕೆ, ಗೊಂದಲ, ಫಿಟ್ಸ್ ಬಂದದ್ದಿದೆ. ಬಿಕ್ಕಳಿಕೆ ಶುರುವಾದರೆ ‘ವಾಯು’ ಅಂತ ಕೂರಬೇಡಿ.

ಅಡ್ಡಮಾತು

ಸರಿ ಸ್ವಾಮಿ. ಅಂಕಿ ಇಳಿಯದಿದ್ದರೆ ‘ಔಷಧಿ ಸುಳ್ಳು’, ಇಳಿದರೆ ‘ಬೇರೆ ಕಾರಣ’. ಹಾಗಾದರೆ ನೀವು ನಂಬುವುದು ಯಾವಾಗ? ಏನು ತಂದಿಟ್ಟರೆ ಒಪ್ಪುತ್ತೀರಿ, ಅದನ್ನು ಮೊದಲೇ ಹೇಳಿ.

ಪೆಟ್ರಿತಟ್ಟೆ

ನ್ಯಾಯವಾದ ಪ್ರಶ್ನೆ. ಕ್ಯಾನ್ಸರ್ ಮಟ್ಟಿಗೆ ಇದಕ್ಕೆ ಬರೆದಿಟ್ಟ ಉತ್ತರವೇ ಇದೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1991ರಿಂದ ಬೇರೆ ಪದ್ಧತಿಗಳ ಚಿಕಿತ್ಸಕರಿಗೆ ‘ನಿಮ್ಮ ಅತ್ಯುತ್ತಮ ಪ್ರಕರಣಗಳನ್ನು ತನ್ನಿ, ನೋಡುತ್ತೇವೆ’ ಎಂಬ ಕಾರ್ಯಕ್ರಮ ಇಟ್ಟುಕೊಂಡು ಬಂದಿತ್ತು. ದೊಡ್ಡ ಟ್ರಯಲ್ ಬೇಕಿಲ್ಲ, ರೋಗಿಗಳ ದಾಖಲೆ ಸಾಕು. ಕೇಳುತ್ತಿದ್ದದ್ದು ಇಷ್ಟು: ಕ್ಯಾನ್ಸರ್ ಎಂದು ಅಂಗಾಂಶದ ತುಂಡಿನಿಂದಲೇ ಸಾಬೀತಾಗಿರಬೇಕು. ಗಡ್ಡೆ ಕುಗ್ಗಿದ್ದಕ್ಕೆ ಅಳತೆಯ ದಾಖಲೆ ಬೇಕು. ಅದೇ ಅವಧಿಯಲ್ಲಿ ಬೇರೆ ಚಿಕಿತ್ಸೆ ನಡೆದಿರಬಾರದು. ಕೊಟ್ಟದ್ದೇನು, ಎಷ್ಟು, ಯಾವಾಗಿನಿಂದ ಎಂಬುದಕ್ಕೆ ಬರಹ ಇರಬೇಕು.

ಈ ಜರಡಿಯಲ್ಲಿ ಹಾಕಿದರೆ ‘ಗಡ್ಡೆ ಉಳಿದಿರುವ ಲಕ್ಷಣವಿಲ್ಲ’ ಎನ್ನುವ ಸಾಲು ಏನಾಗುತ್ತದೆ ನೋಡಿ. ಕೇಳಬೇಕಾದ್ದು: ಆ ಸ್ಕ್ಯಾನ್‌ಗೆ ಮೊದಲು ಆಪರೇಷನ್ ಆಗಿತ್ತೇ? ಗಡ್ಡೆಯನ್ನು ಶಸ್ತ್ರವೈದ್ಯರು ತೆಗೆದಿರುತ್ತಾರೆ. ಆಮೇಲೆ ಕಿಮೋ ಬೇಡ ಅಂದು ಪುಡಿ ತಿಂದಿರುತ್ತಾರೆ. ಸ್ಕ್ಯಾನ್ ಶುಭ್ರವಾಗಿ ಬರಲೇಬೇಕಲ್ಲ! ಕಿಮೋ ಕೊಡುವುದು ಸ್ಕ್ಯಾನಿಗೆ ಕಾಣದೆ ಉಳಿದ ಕಣಗಳಿಗೆ. ಅವು ಗಡ್ಡೆಯಾಗಿ ಮತ್ತೆ ಕಾಣಿಸಿಕೊಳ್ಳಲು ವರ್ಷಗಳೇ ಹಿಡಿಯಬಹುದು.

ಎರಡನೇ ಪ್ರಶ್ನೆ, ಬಯಾಪ್ಸಿ ಇದೆಯೇ? ‘ಸ್ಕ್ಯಾನಿನಲ್ಲಿ ಗಂಟು ಕಂಡಿತ್ತು, ಕರಗಿತು’ ಎನ್ನುವವರಲ್ಲಿ ಕ್ಷಯದ ಗಂಟು, ಕೀವಿನ ಗಂಟು, ನೀರುಗುಳ್ಳೆ ಎಲ್ಲವೂ ಇರಬಹುದು. ಮೂರನೆಯದು, ಎಷ್ಟು ಕುಗ್ಗಿತು? ವೈದ್ಯರು ‘ಭಾಗಶಃ ಸ್ಪಂದನೆ’ ಅನ್ನಬೇಕಾದರೆ ಗುರುತಿಟ್ಟ ಗಡ್ಡೆಗಳ ಉದ್ದದಳತೆಗಳ ಮೊತ್ತ ಕನಿಷ್ಠ ಶೇ 30ರಷ್ಟು ಇಳಿದಿರಬೇಕು. ಒಂದೆರಡು ಮಿಲಿಮೀಟರ್ ಎಂದರೆ ಅಳೆಯುವ ಕೈಯ ವ್ಯತ್ಯಾಸ.

ಈ ಜರಡಿಯನ್ನು ಹೆಚ್ಚುಕಡಿಮೆ ದಾಟಿದಂತೆ ಕಂಡ ಔಷಧಿಯೊಂದಿತ್ತು, ಅದರ ಕತೆ ಎಲ್ಲರಿಗೂ ಗೊತ್ತಿರಬೇಕು. ಪಿಸಿ-ಸ್ಪೆಸ್. ಎಂಟು ಮೂಲಿಕೆಗಳ ಕ್ಯಾಪ್ಸೂಲ್, ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಎಂದು 1990ರ ದಶಕದಲ್ಲಿ ಅಮೆರಿಕದಲ್ಲಿ ಮಾರಾಟವಾಯಿತು. ತಿಂದವರಲ್ಲಿ ಪಿಎಸ್‌ಎ (ಪ್ರಾಸ್ಟೇಟ್ ಕ್ಯಾನ್ಸರಿನ ಏರಿಳಿತ ನೋಡುವ ರಕ್ತಪರೀಕ್ಷೆ) ನಿಜವಾಗಿ ಇಳಿಯಿತು, ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಗಳೂ ಬಂದವು. ಆಮೇಲೆ ಕ್ಯಾಪ್ಸೂಲನ್ನೇ ಪರೀಕ್ಷೆಗೆ ಹಾಕಿದಾಗ ಸಿಕ್ಕಿದ್ದು ಡೈಎಥಿಲ್‌ಸ್ಟಿಲ್‌ಬೆಸ್ಟ್ರಾಲ್, ಅಂದರೆ ಕಾರ್ಖಾನೆಯಲ್ಲಿ ತಯಾರಿಸಿದ ಈಸ್ಟ್ರೋಜನ್. ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಅದು ಹಳೆಯ ಇಂಗ್ಲಿಷ್ ಔಷಧಿ. ಜೊತೆಗೆ ನೋವಿನ ಮಾತ್ರೆ ಇಂಡೊಮೆಥಾಸಿನ್, ರಕ್ತ ತೆಳುವಾಗಿಸುವ ವಾರ್ಫರಿನ್. ಮೊದಲನೆಯದು ರಕ್ತ ಹೆಪ್ಪುಗಟ್ಟಿಸುತ್ತದೆ, ಕೊನೆಯದು ತಡೆಯುತ್ತದೆ, ಕಾಕತಾಳೀಯವೋ ಜಾಣತನವೋ! ಬ್ಯಾಚಿನಿಂದ ಬ್ಯಾಚಿಗೆ ಪ್ರಮಾಣ ಬೇರೆ. 2002ರಲ್ಲಿ ಮಾರುಕಟ್ಟೆಯಿಂದ ವಾಪಸ್ ಪಡೆದರು.

ಹಾಗಾಗಿ ಅಡ್ಡಮಾತು ಅವರೇ, ನನ್ನ ಉತ್ತರಕ್ಕೆ ಎರಡು ಭಾಗ. ದಾಖಲೆ ಮೇಲಿನಂತೆ ಇರಬೇಕು. ಅದು ಇದ್ದರೆ ಮರುದಿನವೇ ಪುಡಿಯನ್ನು ಲ್ಯಾಬಿಗೆ ಕಳಿಸಬೇಕು.

ಬೇರುಚಿಗುರು

ಗಿಡದ ಪರವಾಗಿ ಒಬ್ಬರಾದರೂ ಮಾತಾಡಬೇಕಲ್ಲ. ಕ್ಯಾನ್ಸರ್‌ಗೆ ಕೊಡುವ ವಿಂಕ್ರಿಸ್ಟಿನ್ ಬಂದಿದ್ದು ನಿತ್ಯಪುಷ್ಪದಿಂದ. ಪ್ಯಾಕ್ಲಿಟ್ಯಾಕ್ಸೆಲ್ ಬಂದಿದ್ದು ಪೆಸಿಫಿಕ್ ಯೂ ಮರದ ತೊಗಟೆಯಿಂದ. ಮಲೇರಿಯಾದ ಆರ್ಟಿಮಿಸಿನಿನ್, ಹೃದಯದ ಡಿಜಾಕ್ಸಿನ್, ಎಲ್ಲವೂ ಗಿಡದ್ದೇ. ‘ಎಲೆಯಲ್ಲಿ ಏನಿದೆ ಮಣ್ಣು’ ಎನ್ನುವವರಿಗೆ ಮದ್ದಿನ ಚರಿತ್ರೆ ಗೊತ್ತಿಲ್ಲ.

ಆದರೆ ಇದೇ ಉದಾಹರಣೆ ಹಿಡಿದು ‘ಅದಕ್ಕೇ ಎಲೆ ತಿನ್ನಿ’ ಎನ್ನುವವರಿಗೂ ಚರಿತ್ರೆ ಗೊತ್ತಿಲ್ಲ. ನಿತ್ಯಪುಷ್ಪದ್ದನ್ನೇ ಹತ್ತಿರದಿಂದ ನೋಡೋಣ.

1950ರ ದಶಕದಲ್ಲಿ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಈ ಎಲೆಯನ್ನು ಕೈಗೆತ್ತಿಕೊಂಡದ್ದು ಸಕ್ಕರೆ ಕಾಯಿಲೆಗೆ ನಾಟಿ ಔಷಧಿ ಎಂಬ ಮಾತು ಕೇಳಿ. ಇಲಿಗಳಿಗೆ ಬಾಯಲ್ಲಿ ಕುಡಿಸಿದರು, ಸಕ್ಕರೆಗೆ ಏನೂ ಆಗಲಿಲ್ಲ. ಸಾರವನ್ನು ಸೂಜಿಯಲ್ಲಿ ಕೊಟ್ಟಾಗ ಇಲಿಗಳು ಸೋಂಕು ತಗುಲಿ ಸತ್ತವು. ನೋಡಿದರೆ ಬಿಳಿರಕ್ತಕಣ ಪಾತಾಳಕ್ಕಿಳಿದಿದ್ದವು. ಬಿಳಿಕಣ ಕೊಲ್ಲುವುದಾದರೆ ಬಿಳಿಕಣದ ಕ್ಯಾನ್ಸರ್‌ಗೆ ಯಾಕಾಗಬಾರದು ಎಂದು ಹೊರಟು 1958ರಲ್ಲಿ ವಿನ್‌ಬ್ಲಾಸ್ಟಿನ್ ಬೇರ್ಪಡಿಸಿದರು. ಇದು ಅದೇ ಗಿಡದ್ದು, ವಿಂಕ್ರಿಸ್ಟಿನ್‌ನ ಜೋಡಿ ಮದ್ದು. ಗಮನಿಸಿ: ನಾಟಿ ಪದ್ಧತಿ ಹೇಳಿದ್ದು ಸಕ್ಕರೆ ಕಾಯಿಲೆ. ಸಿಕ್ಕಿದ್ದು ರಕ್ತದ ಕ್ಯಾನ್ಸರಿನ ಮದ್ದು. ಅದೂ ವಿಷದ ಲಕ್ಷಣ ಹಿಡಿದು ಹೋದದ್ದರಿಂದ. ‘ನಮ್ಮ ಹಿರಿಯರಿಗೆ ಇದು ಮೊದಲೇ ಗೊತ್ತಿತ್ತು’ ಎನ್ನುವುದಕ್ಕೆ ಈ ಉದಾಹರಣೆ ಹೊಂದುವುದೇ ಇಲ್ಲ.

ಇನ್ನು ಪ್ರಮಾಣ. ಒಂದು ಗ್ರಾಂ ವಿಂಕ್ರಿಸ್ಟಿನ್‌ಗೆ ನೂರಾರು ಕಿಲೋ ಒಣ ಎಲೆ ಬೇಕು. ಲೆಕ್ಕಕ್ಕೆ 500 ಕಿಲೋ ಎನ್ನಿ. ರೋಗಿಗೆ ಕೊಡುವುದು ದೇಹದ ಪ್ರತಿ ಚದರ ಮೀಟರಿಗೆ 1.4 ಮಿಲಿಗ್ರಾಂ, ಸಾಮಾನ್ಯವಾಗಿ ಒಂದು ಸಲಕ್ಕೆ 2 ಮಿಲಿಗ್ರಾಂ ಮೀರದಂತೆ. ಅಷ್ಟಕ್ಕೆ ಒಂದು ಕಿಲೋ ಒಣ ಎಲೆ ಆಯಿತು. ಆ ಒಂದು ಕಿಲೋದಲ್ಲಿ ನೂರಕ್ಕೂ ಹೆಚ್ಚು ಬೇರೆ ಆಲ್ಕಲಾಯ್ಡ್‌ಗಳು ಬೇರೆ ಬೇರೆ ಪ್ರಮಾಣದಲ್ಲಿ ಕೂತಿರುತ್ತವೆ. ಹೊಟ್ಟೆಯಿಂದ ವಿಂಕ್ರಿಸ್ಟಿನ್ ರಕ್ತಕ್ಕೆ ಸರಿಯಾಗಿ ಸೇರುವುದೂ ಇಲ್ಲ, ಅದಕ್ಕೇ ರಕ್ತನಾಳಕ್ಕೆ ಮಾತ್ರ ಕೊಡುವುದು. ತಪ್ಪಿ ಬೆನ್ನುಹುರಿಯ ದ್ರವಕ್ಕೆ ಕೊಟ್ಟರೆ ರೋಗಿ ಉಳಿಯುವುದು ತೀರಾ ಅಪರೂಪ. ಇಂಥ ವಸ್ತುವನ್ನು ‘ದಿನಾ ಏಳು ಎಲೆ ಜಗಿಯಿರಿ’ ಎಂದು ಬರೆಯುವವರ ಧೈರ್ಯ ದೊಡ್ಡದು.

ಅಡ್ಡಮಾತು

ವಿಂಕ್ರಿಸ್ಟಿನ್ ಒಪ್ಪಿದೆ. ಆದರೆ ಆರ್ಟಿಮಿಸಿನಿನ್ ಹಾಗಲ್ಲವಲ್ಲ? ಅದರ ಸುಳಿವು ಸಿಕ್ಕಿದ್ದೇ ಹಳೇ ಗ್ರಂಥದಲ್ಲಿ.

ಬೇರುಚಿಗುರು

ಹೌದು, ಅಲ್ಲಿ ಗ್ರಂಥಕ್ಕೆ ಸಲ್ಲಬೇಕಾದ್ದು ಸಲ್ಲಲಿ. ವಿಜ್ಞಾನಿ ತೂ ಯೂಯೂ ಅವರ ತಂಡ ಚೀನಾದ ಹಳೆಯ ಪಾಠಗಳಿಂದ 2,000ಕ್ಕೂ ಹೆಚ್ಚು ಔಷಧಯೋಗ ಕಲೆಹಾಕಿ, ಆರಿಸಿದ ಗಿಡಗಳಿಂದ ನೂರಾರು ಸಾರ ತೆಗೆದು ಇಲಿಗಳ ಮೇಲೆ ನೋಡಿತು. ಕಿಂಗ್‌ಹಾವ್ (ಆರ್ಟಿಮಿಸಿನಿನ್ ಸಿಕ್ಕಿದ್ದು ಇದರಲ್ಲೇ) ಗಿಡದ ಫಲಿತಾಂಶ ಒಮ್ಮೆ ಚೆನ್ನ, ಒಮ್ಮೆ ಸೊನ್ನೆ. ನಾಲ್ಕನೇ ಶತಮಾನದ ಗೆ ಹಾಂಗ್‌ನ ಪಾಠದಲ್ಲಿ ‘ನೀರಲ್ಲಿ ನೆನೆಸಿ, ಹಿಂಡಿ, ರಸ ಕುಡಿ’ ಎಂದಿತ್ತು. ಕುದಿಸು ಎಂದಿರಲಿಲ್ಲ. ಕಾಯಿಸಿದ್ದಕ್ಕೇ ಗುಣ ಹೋಗುತ್ತಿದೆಯೋ ಎಂದು ಹೊಳೆದು, ಸುಮಾರು 35 ಡಿಗ್ರಿಗೇ ಕುದಿಯುವ ಈಥರ್‌ನಲ್ಲಿ ಸಾರ ತೆಗೆದಾಗ, 1971ರ ಅಕ್ಟೋಬರ್‌ನಲ್ಲಿ, ಇಲಿಗಳ ರಕ್ತದಲ್ಲಿ ಪರಾವಲಂಬಿ ಪೂರ್ತಿ ಮಾಯ. 2015ರಲ್ಲಿ ನೊಬೆಲ್.

ಆದರೂ ಆ ಎಲೆಯ ಚಹಾ ಕುಡಿದು ಮಲೇರಿಯಾ ವಾಸಿಮಾಡಿಕೊಳ್ಳಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಆರ್ಟಿಮಿಸಿನಿನ್ ನೀರಿಗೆ ಅಷ್ಟಾಗಿ ಇಳಿಯುವುದಿಲ್ಲ, ಗಿಡದಿಂದ ಗಿಡಕ್ಕೆ ಪ್ರಮಾಣ ಬದಲಾಗುತ್ತದೆ. ಅರೆಬರೆ ಪ್ರಮಾಣಕ್ಕೆ ಜ್ವರ ಬಿಡುತ್ತದೆ, ಪರಾವಲಂಬಿ ಉಳಿಯುತ್ತದೆ, ವಾರಗಳಲ್ಲಿ ಮರುಕಳಿಸುತ್ತದೆ. ಉಳಿದವು ಔಷಧಿಗೆ ಬಗ್ಗದ ತಳಿಯಾಗುವ ಭಯ ಬೇರೆ. ಜ್ವರ ಬಿಟ್ಟದ್ದನ್ನು ವಾಸಿ ಎಂದು ಎಣಿಸುವುದರಲ್ಲೇ ಮೋಸ ಇರುವುದು.

ಕಡತಹುಳು

ಅರಿಶಿನ ಮತ್ತು ಲಕ್ಷ್ಮಣಫಲ ಉಳಿದವು. ಲಕ್ಷ್ಮಣಫಲಕ್ಕೆ ‘ಕಿಮೋಗಿಂತ 10,000 ಪಟ್ಟು ಶಕ್ತಿ’ ಎಂಬ ಸಾಲು ಎಲ್ಲಿಂದ ಬಂತು?

ಪೆಟ್ರಿತಟ್ಟೆ

ಅದು ಹುಟ್ಟಿಸಿದ ಸುಳ್ಳಲ್ಲ, ಬಾಲ ಕತ್ತರಿಸಿದ ನಿಜ. 1990ರ ದಶಕದಲ್ಲಿ ಲಕ್ಷ್ಮಣಫಲದ ಬೀಜದಿಂದ ಬೇರ್ಪಡಿಸಿದ ಒಂದು ವಸ್ತು, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕರುಳು ಕ್ಯಾನ್ಸರಿನ ಒಂದು ಕಣತಳಿಯ ಮೇಲೆ, ಕಿಮೋ ಔಷಧಿ ಏಡ್ರಿಯಾಮೈಸಿನ್‌ಗಿಂತ 10,000 ಪಟ್ಟು ಕಡಿಮೆ ಸಾಂದ್ರತೆಯಲ್ಲೇ ಕೆಲಸ ಮಾಡಿತು. ಹಣ್ಣಲ್ಲ, ಎಲೆಯ ಚಹಾ ಅಲ್ಲ, ಮನುಷ್ಯರಂತೂ ಅಲ್ಲ. ಅದೇ ತಟ್ಟೆಗೆ ಎರಡು ಹನಿ ಬ್ಲೀಚ್ ಬಿಟ್ಟರೂ ಕ್ಯಾನ್ಸರ್ ಕಣ ಸಾಯುತ್ತದೆ. ಕ್ಯಾನ್ಸರ್ ಕಣ ಕೊಲ್ಲುವುದು ಕಷ್ಟವಲ್ಲ, ಪಕ್ಕದ ಒಳ್ಳೆಯ ಕಣ ಉಳಿಸಿ ಕೊಲ್ಲುವುದು ಕಷ್ಟ. ಈ ಗುಂಪಿನ ಅನ್ನೊನಾಸಿನ್ ಕಣಗಳ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾವನ್ನೇ ಕಟ್ಟಿಹಾಕುತ್ತದೆ. ನರಕಣಗಳಿಗೆ ಅದು ಆಗಿಬರುವುದಿಲ್ಲ. ಗ್ವಾಡಲೂಪ್ ದ್ವೀಪದಲ್ಲಿ ಮಾಮೂಲಿ ಔಷಧಿಗೆ ಬಗ್ಗದ ಪಾರ್ಕಿನ್ಸನ್ ತರಹದ ಕಾಯಿಲೆ ಹೆಚ್ಚಿದ್ದಕ್ಕೂ ಈ ಹಣ್ಣು, ಎಲೆಚಹಾದ ಬಳಕೆಗೂ ನಂಟಿದೆ ಎಂಬ ಅಧ್ಯಯನ 1999ರಲ್ಲಿ ಬಂತು.

ಅರಿಶಿನ: ಪುಡಿಯಲ್ಲಿ ಕರ್ಕ್ಯುಮಿನ್ ಸುಮಾರು ಶೇ 3. ಅಂದರೆ 5 ಗ್ರಾಂ ಪುಡಿಗೆ 150 ಮಿಲಿಗ್ರಾಂ. ಶುದ್ಧ ಕರ್ಕ್ಯುಮಿನ್ನನ್ನೇ ಗ್ರಾಂಗಟ್ಟಲೆ ನುಂಗಿಸಿ ನೋಡಿದಾಗಲೂ ರಕ್ತದಲ್ಲಿ ಸಿಕ್ಕಿದ್ದು ಲವಲೇಶ. ಕರುಳು, ಪಿತ್ತಜನಕಾಂಗ ಅದನ್ನು ಬೇಗ ಮಾರ್ಪಡಿಸಿ ಹೊರಹಾಕುತ್ತವೆ. ತಟ್ಟೆಯಲ್ಲಿ ಕೆಲಸ ಮಾಡಿದ ಸಾಂದ್ರತೆ ಗಡ್ಡೆಯ ಹತ್ತಿರವೂ ಹೋಗುವುದಿಲ್ಲ. ಇದಕ್ಕೆ ಕರಿಮೆಣಸಿನ ಪೈಪರಿನ್ ಸೇರಿಸುತ್ತಾರೆ. ಅದು ಹೀರಿಕೆ ಹೆಚ್ಚಿಸುವುದು ನಿಜ, ಆದರೆ ಹೇಗೆ ಹೆಚ್ಚಿಸುತ್ತದೆ ಎಂದರೆ ಔಷಧಿ ಒಡೆಯುವ ಕಿಣ್ವಗಳನ್ನು ತಡೆದು. ಆ ಕಿಣ್ವಗಳು ಫೆನಿಟಾಯಿನ್‌ನಂಥ ಫಿಟ್ಸ್ ಮಾತ್ರೆಯನ್ನೂ ಒಡೆಯಬೇಕು. ಅದರ ಮಟ್ಟವೂ ಏರುತ್ತದೆ. ಸಾಂದ್ರೀಕರಿಸಿದ ಅರಿಶಿನದ ಕ್ಯಾಪ್ಸೂಲಿನಿಂದ ಪಿತ್ತಜನಕಾಂಗ ಕೆಟ್ಟ ಪ್ರಕರಣಗಳೂ ದಾಖಲಾಗಿವೆ, ಪೈಪರಿನ್ ಬೆರೆಸಿದವುಗಳಲ್ಲೂ. ಅಡುಗೆಯ ಅರಿಶಿನದ ಮಾತಲ್ಲ ಇದು, ಯಾರೂ ಒಗ್ಗರಣೆ ನಿಲ್ಲಿಸಬೇಡಿ.

ಸೊನ್ನೆಬಿಂದು

ಇಷ್ಟೆಲ್ಲದರ ನಡುವೆ ಕಾಮಾಲೆ ಬಿಟ್ಟುಹೋಯಿತು. ನಾಟಿ ಔಷಧಿಯ ಕೀರ್ತಿಯೆಲ್ಲ ನಿಂತಿರುವುದೇ ಅಲ್ಲಿ.

ಹೆಪಟೈಟಿಸ್ ಎ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ದೊಡ್ಡವರಿಗೆ ಹೊಸದಾಗಿ ತಗುಲಿದ ಹೆಪಟೈಟಿಸ್ ಬಿ ಕೂಡ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಯಲ್ಲಿ ದೇಹವೇ ಓಡಿಸುತ್ತದೆ. ಎಂದಮೇಲೆ ನೂರು ಜನರಿಗೆ ಯಾವ ಸೊಪ್ಪು ಕೊಟ್ಟರೂ 90 ಮಂದಿ ಬಂದು ಕೈಮುಗಿಯುತ್ತಾರೆ. ಕೈಯಲ್ಲಿ ಸೊಪ್ಪು ಹಿಡಿದವರು ಮೋಸಗಾರರೇ ಆಗಬೇಕಿಲ್ಲ, ಅವರೂ ನಂಬಿರುತ್ತಾರೆ. ಉಳಿದವರಲ್ಲಿ ಯಕೃತ್ತು ಸೋಲುವಾಗ ತೂಕಡಿಕೆ, ಅಸಂಬದ್ಧ ಮಾತು, ಹಲ್ಲುಜ್ಜಿದರೆ ರಕ್ತ ಕಾಣಿಸುತ್ತದೆ. ಆಗ ಒಂದೊಂದು ಗಂಟೆಯೂ ಲೆಕ್ಕ. ಕಲ್ಲೋ ಗಡ್ಡೆಯೋ ಪಿತ್ತನಾಳ ಮುಚ್ಚಿದ್ದರೂ ಕಣ್ಣು ಹಳದಿಯೇ. ಅದಕ್ಕೆ ಸ್ಕ್ಯಾನ್ ಬೇಕು, ಸೊಪ್ಪಲ್ಲ.

ನೆಲನೆಲ್ಲಿಯ ವಿಷಯ ಮಾತ್ರ ಗೌರವದಿಂದ ಹೇಳಬೇಕು, ಅದನ್ನು ಸರಿಯಾಗಿಯೇ ಪರೀಕ್ಷಿಸಿದರು. 1988ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ವರದಿಯಲ್ಲಿ, ಹೆಪಟೈಟಿಸ್ ಬಿ ವೈರಾಣು ಹೊತ್ತಿರುವವರಿಗೆ 30 ದಿನ ಕೊಟ್ಟಾಗ 37ರಲ್ಲಿ 22 ಮಂದಿಯಲ್ಲಿ ವೈರಾಣುವಿನ ಗುರುತು ಮಾಯವಾಯಿತು, ಹುಸಿಮಾತ್ರೆಯಲ್ಲಿ 23ಕ್ಕೆ ಒಬ್ಬರಲ್ಲಿ. ಶೇ 59ಕ್ಕೆ ಎದುರು ಶೇ 4! ಎಲ್ಲರೂ ಹಿಗ್ಗಿದರು. ಆಮೇಲೆ ಬೇರೆ ತಂಡಗಳು ಮಾಡಿ ನೋಡಿದಾಗ ಆ ಫಲ ಮತ್ತೆ ಸಿಗಲಿಲ್ಲ. ಒಂದು ಟ್ರಯಲ್ ಎಷ್ಟು ಚೆಂದವಿದ್ದರೂ ಎರಡನೆಯವರ ಕೈಯಲ್ಲೂ ಬರಬೇಕು.

ಡೆಂಗಿಯಲ್ಲಿ ಪಪ್ಪಾಯ ಎಲೆಯದೂ ಇದೇ ಹಾಡು. ಜ್ವರ ಇಳಿಯುವ ಹೊತ್ತಿನ ಅಪಾಯದ ಒಂದೆರಡು ದಿನ ಕಳೆದರೆ ಪ್ಲೇಟ್‌ಲೆಟ್ ತಾನೇ ಏರುತ್ತದೆ. ಜೀವ ತೆಗೆಯುವುದು ಮುಖ್ಯವಾಗಿ ರಕ್ತನಾಳದಿಂದ ದ್ರವ ಸೋರುವುದು. ಅದನ್ನು ತೋರಿಸುವುದು ಪ್ಲೇಟ್‌ಲೆಟ್ ಅಲ್ಲ, ಏರುವ ಹೆಮಟೊಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು), ಹೊಟ್ಟೆನೋವು, ನಿಲ್ಲದ ವಾಂತಿ.

ಅಡ್ಡಮಾತು

ಇರಲಿ, ಉಪಯೋಗ ಇಲ್ಲ ಅಂತಲೇ ಇಟ್ಟುಕೊಳ್ಳಿ. ಕೊನೇ ಹಂತದ ರೋಗಿ ಒಂದು ಲೋಟ ಕಷಾಯ ಕುಡಿದರೆ ನಷ್ಟ ಏನು?

ಪೆಟ್ರಿತಟ್ಟೆ

ಕೊನೇ ಹಂತದ ರೋಗಿ, ವೈದ್ಯರಿಗೆ ಹೇಳಿ, ಗುರುತಿರುವ ವಸ್ತುವನ್ನು ನೆಮ್ಮದಿಗೆ ಕುಡಿದರೆ ನನ್ನ ತಕರಾರಿಲ್ಲ. ತಕರಾರು ಇರುವುದು ಮೊದಲ ಹಂತದವರ ಬಗ್ಗೆ. ಅಮೆರಿಕದ ಕ್ಯಾನ್ಸರ್ ದಾಖಲೆಗಳಿಂದ 2018ರಲ್ಲಿ ಪ್ರಕಟವಾದ ಅಧ್ಯಯನ: ಬೇರೆ ಅಂಗಕ್ಕೆ ಹರಡದ ಕ್ಯಾನ್ಸರ್ ಇದ್ದು, ಬರೀ ಪರ್ಯಾಯ ಚಿಕಿತ್ಸೆ ಆರಿಸಿಕೊಂಡ 281 ಮಂದಿಯನ್ನು ಮಾಮೂಲಿ ಚಿಕಿತ್ಸೆ ಪಡೆದ 560 ಮಂದಿಗೆ ಹೋಲಿಸಿದರು. ಸಾವಿನ ಅಪಾಯ ಒಟ್ಟಾರೆ 2.5 ಪಟ್ಟು, ಸ್ತನದ ಕ್ಯಾನ್ಸರಿನಲ್ಲಿ 5.68 ಪಟ್ಟು, ದೊಡ್ಡಕರುಳಿನದ್ದರಲ್ಲಿ 4.57 ಪಟ್ಟು. ಪ್ರಾಸ್ಟೇಟಿನಲ್ಲಿ ಮಾತ್ರ ಲೆಕ್ಕಕ್ಕೆ ಸಿಗುವ ವ್ಯತ್ಯಾಸವಿಲ್ಲ, ಅದು ನಿಧಾನಕ್ಕೆ ಬೆಳೆಯುವಂಥದ್ದು. ಯಾವುದಕ್ಕೆ ಒಳ್ಳೆಯ ಚಿಕಿತ್ಸೆ ಇದೆಯೋ ಅಲ್ಲೇ ನಷ್ಟ ದೊಡ್ಡದು ನೋಡಿ.

ಸೊನ್ನೆಬಿಂದು

‘ಅವರು ಮೊದಲೇ ದುರ್ಬಲರಿದ್ದರೇನೋ’ ಎನ್ನುವವರಿಗೆ: ವಯಸ್ಸು, ಕ್ಯಾನ್ಸರಿನ ಹಂತ ಸರಿದೂಗಿಸಿಯೇ ಹೋಲಿಸಿದ್ದು. ಆ ದಾರಿ ಹಿಡಿದವರು ಸಾಮಾನ್ಯವಾಗಿ ಹೆಚ್ಚು ಓದಿದವರು, ಹಣವುಳ್ಳವರು, ಬೇರೆ ಕಾಯಿಲೆ ಕಡಿಮೆ ಇದ್ದವರು.

ಬೇರುಚಿಗುರು

‘ಗುರುತಿರುವ ವಸ್ತು’ ಎಂದಿರಲ್ಲ, ಅಲ್ಲೇ ಎಡವುವುದು. 1990ರ ದಶಕದ ಶುರುವಿನಲ್ಲಿ ಬ್ರಸೆಲ್ಸ್‌ನ ತೂಕ ಇಳಿಸುವ ಕ್ಲಿನಿಕ್ಕಿನಲ್ಲಿ ಚೀನಾದ ಎರಡು ಬೇರುಗಳ ಹೆಸರು ಅದಲುಬದಲಾಯಿತು. ‘ಫಾಂಗ್ ಜಿ’ ಹೋಗಬೇಕಾದ ಕಡೆ ‘ಗುವಾಂಗ್ ಫಾಂಗ್ ಜಿ’ ಹೋಯಿತು. ಎರಡನೆಯದು ಅರಿಸ್ಟೊಲೋಕಿಯಾ ಕುಲದ್ದು, ನಮ್ಮ ಈಶ್ವರಿ ಬಳ್ಳಿಯ ದಾಯಾದಿ. ನೂರಕ್ಕೂ ಹೆಚ್ಚು ಮಂದಿಯ ಕಿಡ್ನಿ ಹೋಯಿತು. ಮುನ್ನೆಚ್ಚರಿಕೆಗೆ ಕಿಡ್ನಿ, ಮೂತ್ರನಾಳ ತೆಗೆಸಿಕೊಂಡ 39 ಮಂದಿಯಲ್ಲಿ 18 ಮಂದಿಗೆ ಆಗಲೇ ಕ್ಯಾನ್ಸರ್ ಇತ್ತು. ಅರಿಸ್ಟೊಲೋಕಿಕ್ ಆಮ್ಲ ಡಿಎನ್‌ಎಗೆ ಅಂಟಿ ವರ್ಷಾನುಗಟ್ಟಲೆ ಕೂರುತ್ತದೆ. ಒಣಗಿಸಿ ಪುಡಿ ಮಾಡಿದ ಮೇಲೆ ಎಂಥ ಪಂಡಿತನೂ ಕಣ್ಣಲ್ಲಿ ನೋಡಿ ಬೇರು ಬೇರ್ಪಡಿಸಲಾರ.

ಹಗಲುಪಾಳಿ

ನಷ್ಟದ ಪಟ್ಟಿಗೆ ನನ್ನದೊಂದು. ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆ ಪೈಪರಿನ್‌ಗೆ ತಿರುಗುಮುರುಗು: ಔಷಧಿ ಒಡೆಯುವ ಕಿಣ್ವವನ್ನು ಹೆಚ್ಚಿಸುತ್ತದೆ. ಎಚ್‌ಐವಿ ಔಷಧಿ ಇಂಡಿನಾವಿರ್ ರಕ್ತದಲ್ಲಿ ಶೇ 57ರಷ್ಟು ಇಳಿದದ್ದು 2000ದಲ್ಲಿ ವರದಿಯಾಯಿತು. ಅದೇ ವರ್ಷ ಹೃದಯ ಕಸಿಯಾದ ಇಬ್ಬರಲ್ಲಿ ಕಸಿ ಕಾಪಾಡುವ ಮಾತ್ರೆ ಸೈಕ್ಲೊಸ್ಪೊರಿನ್‌ನ ಮಟ್ಟ ಕುಸಿದು ದೇಹ ಹೊಸ ಹೃದಯವನ್ನು ತಿರಸ್ಕರಿಸಲು ಶುರುಮಾಡಿತ್ತು. ಮೂಲಿಕೆ ವಿಷವಲ್ಲ, ಪಕ್ಕದ ಮಾತ್ರೆಯನ್ನು ನೀರು ಮಾಡಿತು, ಅಷ್ಟೇ.

ದಾರಿಹೋಕ

ಮನೆಯಲ್ಲಿ ಯಾರಾದರೂ ಆಗಲೇ ಎರಡು ತಿಂಗಳಿಂದ ಹೆಸರಿಲ್ಲದ ಪುಡಿ ತೆಗೆದುಕೊಳ್ಳುತ್ತಿದ್ದರೆ ಏನು ಮಾಡಬೇಕು? ತಕ್ಷಣ ನಿಲ್ಲಿಸಿಬಿಡುವುದೇ?

ಅರೆಪಾವು

ಬಯ್ಯಬೇಡಿ. ಬೈದರೆ ಕದ್ದು ತಿನ್ನುತ್ತಾರೆ, ಆಸ್ಪತ್ರೆಯಲ್ಲೂ ಹೇಳುವುದಿಲ್ಲ. ಪುಡಿಯನ್ನು ಬೇರೆ ಡಬ್ಬಿಗೆ ಸುರಿಯದೆ ಮೂಲ ಪೊಟ್ಟಣದಲ್ಲೇ ಇಡಿ, ಒಡೆಯದ ಒಂದು ಪೊಟ್ಟಣ ಇದ್ದರೆ ಅದನ್ನೂ. ಎಷ್ಟು ಚಮಚ, ದಿನಕ್ಕೆಷ್ಟು ಸಲ, ಯಾವ ತಾರೀಖಿನಿಂದ ಎಂದು ಬರೆದಿಡಿ. ಜೊತೆಯ ಎಲ್ಲ ಮಾತ್ರೆಗಳ ಹೆಸರೂ ಇರಲಿ. ಪರೀಕ್ಷೆಗಳಲ್ಲಿ ಕ್ರಿಯಾಟಿನಿನ್, ಪೊಟ್ಯಾಸಿಯಂ, ಸಕ್ಕರೆ, ಮೂತ್ರದ ಪ್ರೋಟೀನ್, ಪಿತ್ತಜನಕಾಂಗದ ಸ್ಥಿತಿ ಹೇಳುವ ಎಎಲ್‌ಟಿ, ಬಿಲಿರುಬಿನ್. ಎಎಲ್‌ಟಿ ಮೇಲ್ಮಿತಿಯ ಮೂರು ಪಟ್ಟು, ಬಿಲಿರುಬಿನ್ ಎರಡು ಪಟ್ಟು ಎರಡೂ ಒಟ್ಟಿಗೆ ದಾಟಿದ್ದು ಔಷಧಿಯ ಹೊಡೆತದಿಂದ ಎಂದಾದರೆ ಸುಮಾರು ಹತ್ತರಲ್ಲಿ ಒಬ್ಬರು ಸಾಯುತ್ತಾರೆ ಇಲ್ಲವೇ ಕಸಿಗೆ ಹೋಗುತ್ತಾರೆ. ಅಲ್ಲಿ ಮನೆಯಲ್ಲಿ ಕಾಯುವ ಮಾತೇ ಇಲ್ಲ.

ಭಸ್ಮ ಸೇರಿದ್ದರೆ ರಕ್ತದ ಸೀಸವನ್ನೂ ನೋಡಿಸಿ. ಅಂತರಜಾಲದಲ್ಲಿ ಮಾರುವ 193 ಆಯುರ್ವೇದ ಉತ್ಪನ್ನಗಳನ್ನು ಕೊಂಡು ನೋಡಿದ 2008ರ ಅಧ್ಯಯನದಲ್ಲಿ ಶೇ 20.7ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಮಲಬದ್ಧತೆ, ಬಿಟ್ಟುಬಿಟ್ಟು ಹೊಟ್ಟೆ ಹಿಂಡುವುದು, ರಕ್ತಹೀನತೆ ಮೂರೂ ಕೂಡಿದರೆ ಸೀಸ ನೆನಪಾಗಲಿ.

ಮತ್ತೆ ಪುಡಿಯನ್ನು ಆ ದಿನವೇ ನಿಲ್ಲಿಸಿ.

ಹಗಲುಪಾಳಿ

ಅರೆಪಾವು, ಕೊನೆಯ ಸಾಲಿಗೆ ಸ್ವಲ್ಪ ತಡೆಯಿರಿ. ಕೀಲುನೋವು, ದಮ್ಮು, ಚರ್ಮರೋಗದ ಪುಡಿಗಳಲ್ಲಿ ಡೆಕ್ಸಾಮೆಥಸೋನ್, ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಬೆರೆಸುವುದು ಹಳೇ ಚಾಳಿ. ಎರಡೇ ದಿನದಲ್ಲಿ ನೋವು ಮಾಯ, ಹಸಿವು ಜೋರು, ಮುಖ ಊದಿ ಗುಂಡಗಾಗುವುದು, ಇಲ್ಲದ ಸಕ್ಕರೆ ಕಾಣಿಸುವುದು, ಹೊಡೆತ ಬೀಳದೆಯೂ ಮೈಮೇಲೆ ನೀಲಿ ಕಲೆ. ಇವು ಕಂಡರೆ, ಮೂರು ನಾಲ್ಕು ವಾರ ಮೀರಿ ತಿಂದಿದ್ದರೆ, ದೇಹದ ಸ್ವಂತ ಸ್ಟೀರಾಯ್ಡ್ ತಯಾರಿ ಮಲಗಿರುತ್ತದೆ. ಥಟ್ಟನೆ ನಿಲ್ಲಿಸಿದರೆ ವಾಂತಿ, ಸುಸ್ತು, ಬಿಪಿ ಕುಸಿತ. ಜ್ವರವೋ ಆಪರೇಷನ್ನೋ ನಡುವೆ ಬಂದರೆ ಜೀವಕ್ಕೇ ಕುತ್ತು.

ಅರೆಪಾವು

ಒಪ್ಪಿದೆ, ತಿದ್ದಿಕೊಳ್ಳುತ್ತೇನೆ. ಆ ಲಕ್ಷಣ ಇದ್ದರೆ ಮನೆಯಲ್ಲೇ ನಿಲ್ಲಿಸಬೇಡಿ. ಅದೇ ದಿನ ವೈದ್ಯರ ಹತ್ತಿರ ಹೋಗಿ. ಅವರು ಪುಡಿಯ ಬದಲು ಅಳತೆಯ ಸ್ಟೀರಾಯ್ಡ್ ಕೊಟ್ಟು ಹಂತಹಂತವಾಗಿ ಇಳಿಸುತ್ತಾರೆ.

ದಾರಿಹೋಕ

ಪುಡಿಯಲ್ಲಿ ಸ್ಟೀರಾಯ್ಡ್ ಇದೆಯೋ ಇಲ್ಲವೋ ರಕ್ತಪರೀಕ್ಷೆಯಲ್ಲಿ ಗೊತ್ತಾಗುವುದಿಲ್ಲವೇ?

ಹಗಲುಪಾಳಿ

ಬೆಳಿಗ್ಗೆ ಎಂಟರ ಹೊತ್ತಿನ ಕಾರ್ಟಿಸಾಲ್ (ದೇಹ ತಾನೇ ತಯಾರಿಸುವ ಸ್ಟೀರಾಯ್ಡ್) ಪರೀಕ್ಷೆ ಮಾಡಿಸುತ್ತಾರೆ. ತೀರಾ ಕಡಿಮೆ ಬಂದರೆ ಹೊರಗಿನ ಸ್ಟೀರಾಯ್ಡ್ ಹೋಗುತ್ತಿರುವ ಅನುಮಾನ ಬಲವಾಗುತ್ತದೆ. ಆದರೆ ಬೆರೆಸಿದ್ದು ಪ್ರೆಡ್ನಿಸೊಲೋನ್ ಆಗಿದ್ದರೆ ಕೆಲವು ಯಂತ್ರಗಳು ಅದನ್ನೇ ಕಾರ್ಟಿಸಾಲ್ ಎಂದು ಎಣಿಸಿ ಅಂಕಿ ಚೆನ್ನಾಗಿದೆ ಎಂದು ತೋರಿಸುತ್ತವೆ. ಡೆಕ್ಸಾಮೆಥಸೋನ್‌ನಲ್ಲಿ ಆ ಗೊಂದಲ ಇಲ್ಲ. ಹಾಗಾಗಿ ಕೊನೆಯ ಚಮಚ ಎಷ್ಟು ಹೊತ್ತಿಗೆ ತಿಂದದ್ದು ಎಂದು ಲ್ಯಾಬಿನ ಚೀಟಿಯಲ್ಲಿ ಬರೆಸಿ. ಪುಡಿಯನ್ನು ಪರೀಕ್ಷೆಗೆ ಕಳಿಸುವುದಾದರೆ ‘ಸ್ಟೀರಾಯ್ಡ್, ನೋವಿನ ಮಾತ್ರೆ, ಸಕ್ಕರೆ ಮಾತ್ರೆ ಹುಡುಕಿ’ ಎಂದು ಬರೆದೇ ಕೊಡಿ. ಲ್ಯಾಬು ಹುಡುಕದೆ ಇದ್ದದ್ದು ಅದರ ರಿಪೋರ್ಟಿನಲ್ಲಿ ಬರುವುದಿಲ್ಲ.